ಸಿನಿಮಾ ಪಾಕೀಟಿನ ಎಳ್ಳುಂಡಿ

ಅಂಕಲಗಿ
ತಾ. ೬ ಸೆಪ್ಟೆಂಬರ್ ೨೦೦೭, ಗುರುವಾರ

ಪ್ರೀತಿಯ ನಮ್ಮ ಮನೆಯವರಿಗೆ ಅರ್ಚನಾಳ ನಮಸ್ಕಾರ.

ಕೆಮ್ಮು ಕಡಿಮೆಯಾಯಿತೇ? ಪುಣೆಯಲ್ಲಿ ಮಳೆ ಇನ್ನೂ ಬಿಟ್ಟಿಲ್ಲ ಎಂದು ಫೋನಿನಲ್ಲಿ ಹೇಳಿದಿರಿ. ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದು ಬರೀ ಚಹಾ ಕುಡಿದು ಮಲಗಬೇಡಿ, ಹೊಟ್ಟೆ ಕೆಡುತ್ತದೆ. ಅತ್ತೆ ಕಳಿಸಿದ ಶೇಂಗಾ ಚಟ್ನಿಯನ್ನು ರೂಮಿನವರೇ ಬಳಿದು ತಿಂದಿರಬೇಕು, ನೀವು ಯಾರಿಗೂ ಇಲ್ಲ ಅನ್ನುವವರಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಾವನವರ ಮೊಣಕಾಲು ಮೊದಲಿನಷ್ಟು ನೋಯುತ್ತಿಲ್ಲ, ಕುರಿಗಳ ಹಿಂದೆ ತಾವೇ ಹೋಗುತ್ತಿದ್ದಾರೆ. ಗೋವಿನಜೋಳ ತೆನೆ ಕಟ್ಟಿದೆ. ಗುಂಪಿನ ಕರಿ ಕುರಿ ಅವಳಿ ಮರಿ ಹಾಕಿದೆ, ಒಂದಕ್ಕೆ ನಿಮ್ಮದೇ ಮೂಗು ಎಂದು ಅತ್ತೆ ದಿನಾ ನಗುತ್ತಾರೆ. ಕಾಗದದ ಮೇಲೆ ನಿಮ್ಮ ಹೆಸರು ಬರೆದಿಲ್ಲವೆಂದು ಬೇಜಾರಾಗಬೇಡಿ. ಗಂಡನ ಹೆಸರು ಬರೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ನಂಬಿದ್ದಾರೆ. ಪಾಕೀಟಿನ ಮೇಲೆ ಮಾತ್ರ ಬರೆಯಲೇಬೇಕು, ಇಲ್ಲವಾದರೆ ಪೋಸ್ಟ್‌ಮನ್ ಯಾರಿಗೆಂದು ಕೊಟ್ಟಾನು.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀವು ಕೇಳುತ್ತೀರಿ. ಆ ಫೋನ್ ಇರುವುದು ಮಾವನವರ ಅಂಗಿಯ ಕಿಸೆಯಲ್ಲಿ. ಅದು ನನ್ನ ಕೈಗೆ ಬರುವ ಹೊತ್ತಿಗೆ ಒಂದು ಬಾಜೂ ಅತ್ತೆ, ಇನ್ನೊಂದು ಬಾಜೂ ಪಕ್ಕದ ಮನೆಯ ಭರಮವ್ವ ಕಾಕಿ ಕಿವಿ ಹಚ್ಚಿ ನಿಂತಿರುತ್ತಾರೆ. ಭಾನುವಾರ ನಾನು ನೆಟ್ ಸೆಂಟರಿನ ಕೆಲಸದ ಮಾತು ತೆಗೆದೊಡನೆ ನೀವು "ಈಗ ಬ್ಯಾಡ, ದೀಪಾವಳಿಗೆ ಬಂದ ಮ್ಯಾಲ ನೋಡೂಣು" ಎಂದಿರಿ, ಪಾಳಿಗೆ ಹೊತ್ತಾಯಿತೆಂದು ಇಟ್ಟುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಗೋಕಾಕದ ಆ ಸೆಂಟರಿನ ಕೆಲಸಕ್ಕೆ ನಾನು ಹೋಗಬೇಕು, ಹೋಗುವವಳೇ. ಮಾವನವರು "ಅವ ಹೂಂ ಅಂದ್ರ ನಂದೇನೂ ಇಲ್ಲ" ಎಂದು ಕೈ ತೊಳೆದುಕೊಂಡಿದ್ದಾರೆ. ಸೆಂಟರಿನವರು ಸೋಮವಾರದ ತನಕ ಕಾಯುತ್ತಾರೆ, ಆಮೇಲೆ ಬೇರೆ ಹುಡುಗಿಯನ್ನು ನೋಡಿಕೊಳ್ಳುತ್ತಾರೆ. ದೀಪಾವಳಿಯ ತನಕ ಯಾರು ನನ್ನ ಸಲುವಾಗಿ ಕುರ್ಚಿ ಖಾಲಿ ಇಡುತ್ತಾರೆ ಹೇಳಿ? ಇದು ಹೇಗೆ ಶುರುವಾಯಿತು ಎಂಬುದನ್ನು ನೀವು ಫೋನಿನಲ್ಲಿ ಕೇಳಿಸಿಕೊಳ್ಳಲಿಲ್ಲ. ಈಗ ಓದಿ.

ಮದುವೆಯಾದ ತಿಂಗಳಿಗೇ ನೀವು ಪುಣೆಗೆ ಹೊರಟಿರಿ. ಯುಗಾದಿಗೆ ಬಂದಾಗ ಸೀಡಿ ಪ್ಲೇಯರ್ ತಂದಿರಿ. ಪುಣೆಯಲ್ಲಿ ಒಂದು ಕಂಪನಿ ಇದೆ, ನೆಟ್‌ನಲ್ಲಿ ನಮಗೆ ಬೇಕಾದ ಸಿನಿಮಾಗಳ ಪಟ್ಟಿ ಮಾಡಿಟ್ಟರೆ ಒಂದೊಂದಾಗಿ ಸೀಡಿಯನ್ನು ಟಪಾಲಿನಲ್ಲಿ ಮನೆಗೇ ಕಳಿಸುತ್ತದೆ, ನೋಡಿ ವಾಪಸ್ ಹಾಕಿದರೆ ಮುಂದಿನದು ಬರುತ್ತದೆ ಎಂದು ಹೇಳಿದಾಗ ಮಾವನವರು ನಂಬಲೇ ಇಲ್ಲ, ನಿಮಗೆ ಯಾರೋ ಟೋಪಿ ಹಾಕಿದ್ದಾರೆ ಎಂದರು. ಮೊದಲ ಹಳದಿ ಪಾಕೀಟು ಬಂದ ದಿನ ಅವರೇ ಅದನ್ನು ಓಣಿಯ ತುಂಬ ತೋರಿಸಿಕೊಂಡು ಬಂದರು. ಮಧ್ಯಾಹ್ನ ಕರೆಂಟ್ ಇರುವ ಹೊತ್ತಿಗೆ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂಡುತ್ತಿದ್ದರು. ಹೊಡೆದಾಟ ಬಂದರೆ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸೆರಗಿನ ಸಂದಿಯಿಂದಲೇ ನೋಡುತ್ತಿದ್ದರು. ಪ್ಲೇಯರ್ ತಂದ ದಿನ ನೀವು ಎಷ್ಟು ಪ್ರೀತಿಯಿಂದ ಹೇಳಿದ್ದಿರಿ, "ಸಿನಿಮಾ ಮನೀಗೇ ಬರ್ತಾವ, ಇನ್ನ ನಿನಗ ಗೋಕಾಕಕ್ಕ ಹೋಗೋ ಕೆಲಸಾನ ಇಲ್ಲ." ನಾನೂ ಹಿಗ್ಗಿದೆ. ಸುಳ್ಳು ಹೇಳುವುದಿಲ್ಲ, ಅವತ್ತು ಆ ಮಾತು ನನಗೆ ಒಡವೆ ಹಾಕಿದ ಹಾಗೆ ಆಗಿತ್ತು.

ಈಗ ಪಂಚಮಿಯ ಸಂಗತಿಗೆ ಬರುತ್ತೇನೆ. ಹಬ್ಬಕ್ಕೆ ನಾನು ಯಮಕನಮರಡಿಗೆ, ತವರಿಗೆ ಹೋಗಿದ್ದೆನಲ್ಲ, ಹೋಗುವಾಗ ನೋಡಿ ಮುಗಿದ ಸೀಡಿ ಟಿವಿಯ ಮೇಲೆ ಉಳಿದಿತ್ತು. ವಾಪಸ್ ಕಳಿಸಿದರೇ ಮುಂದಿನದು ಬರುವುದು ಎಂದು ಅತ್ತೆಗೆ ಗೊತ್ತು. ಮುಂದಿನದು ದೇವಿಯ ಸಿನಿಮಾ ಎಂದು ನೀವು ಬೇರೆ ಹೇಳಿ ಆಸೆ ಹಚ್ಚಿದ್ದಿರಿ. ನಾನು ಬರುವ ತನಕ ತಡೆಯಲಾರದೆ ಅವರೇ ಅದನ್ನು ವಾಪಸ್ ಪಾಕೀಟಿಗೆ ಹಾಕಿದರು. ಆದರೆ ನಿಮ್ಮ ತಾಯಿಯನ್ನು ನೀವು ಬಲ್ಲಿರಿ. ಬೇರೆಯವರ ಮನೆಯ ಬಟ್ಟಲನ್ನು ಅವರು ಜನ್ಮದಲ್ಲಿ ಬರಿದಾಗಿ ವಾಪಸ್ ಕೊಟ್ಟವರಲ್ಲ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತಾರೆ. ಮೇಲೆ ಹಬ್ಬ, ಮನೆಯ ತುಂಬ ಉಂಡಿ. ಪಾಪ, ಆ ಕಂಪನಿಯವರು ಇಷ್ಟು ದಿನ ನಮಗೆ ಕಳಿಸುತ್ತಲೇ ಇದ್ದಾರೆ, ನಾವು ಮಾತ್ರ ಒಂದು ದಿನವೂ ಏನೂ ಇಡದೆ ವಾಪಸ್ ಮಾಡುತ್ತಿದ್ದೇವೆ ಎಂದು ಅವರಿಗೆ ಮೊದಲಿಂದಲೂ ಸಂಕಟವಿತ್ತಂತೆ. ಎರಡು ಎಳ್ಳುಂಡಿಗಳನ್ನು ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಸೀಡಿಯ ಜೊತೆಗಿಟ್ಟು, ಪಾಕೀಟಿಗೆ ಅನ್ನದ ಅಗುಳು ಹಚ್ಚಿ ಅಂಟಿಸಿ, ಭರಮವ್ವ ಕಾಕಿಯ ಕೈಯಲ್ಲಿ ಟಪಾಲು ಡಬ್ಬಿಗೆ ಹಾಕಿಸಿದ್ದಾರೆ. ಶ್ರಾವಣದ ಮಳೆ, ಉಂಡಿಯ ಬೆಲ್ಲ. ಮುಂದಿನದು ನಿಮಗೇ ತಿಳಿಯುತ್ತದೆ.

ನನಗೆ ಇದು ಯಾವುದೂ ಗೊತ್ತಿರಲಿಲ್ಲ. ತವರಿನಿಂದ ಬಂದೆ, ದಿನ ಹೋದವು, ಹಳದಿ ಪಾಕೀಟಿನ ಸುದ್ದಿಯೇ ಇಲ್ಲ. ಅತ್ತೆ ಪೋಸ್ಟ್‌ಮನ್ ಸೈಕಲ್ ಕಂಡರೆ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದು ಹೋಗುತ್ತಿದ್ದರು. ನಿಮ್ಮನ್ನು ಕೇಳಿದರೆ, ರಾತ್ರಿ ಪಾಳಿ, ನೆಟ್ ನೋಡಲು ಪುರಸೊತ್ತಿಲ್ಲ ಎಂದಿರಿ. ಕೊನೆಗೆ ಅತ್ತೆಯೇ "ನೀನ ಗೋಕಾಕಕ್ಕ ಹೋಗಿ ಕೇಳಿ ಬಾರವಾ" ಎಂದು ನನ್ನನ್ನು ಹೊರಡಿಸಿದರು. ಬಳೆ ತರಲು ಹೊರಟಿದ್ದ ಭರಮವ್ವ ಕಾಕಿ ಜೊತೆಗಿದ್ದರು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಒಂದು ಜೈನರ ಮನೆಯ ಮುಂಭಾಗದಲ್ಲೇ ನೆಟ್ ಸೆಂಟರ್ ಇದೆ. ಆ ಮನೆಯ ಸೊಸೆ ತೃಪ್ತಿ ಅಂತ, ಅವಳೇ ನಡೆಸುತ್ತಾಳೆ. ನನಗಿಂತ ಸ್ವಲ್ಪ ದೊಡ್ಡವಳು, ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುವ ಮಾತು. ನಿಮ್ಮ ಪಾಸ್‌ವರ್ಡ್ ಹಾಕಿದೆವು. ಅದು ನನ್ನ ಹೆಸರು ಎಂದು ನೀವು ಹಿಂದೊಮ್ಮೆ ಫೋನಿನಲ್ಲಿ ಹೇಳಿ ನಾಚಿದ್ದು ನೆನಪಿತ್ತು. ಅಲ್ಲಿ ಕಂಪನಿಯವರ ಇಂಗ್ಲಿಷ್ ಕಾಗದ. ಸೀಡಿಯ ಮೇಲೆ ತಿನ್ನುವ ಪದಾರ್ಥ ಅಂಟಿದೆ, ಇರುವೆ ಹತ್ತಿದೆ, ಯಾಕೆಂದು ತಿಳಿಸುವ ತನಕ ನಿಮ್ಮ ಖಾತೆ ಬಂದ್. ತಿನ್ನುವ ಪದಾರ್ಥ ಎಂದು ಓದಿದ ಕೂಡಲೇ ಭರಮವ್ವ ಕಾಕಿ ಬಾಯಿಗೆ ಸೆರಗು ಹಿಡಿದು ಎಲ್ಲ ಹೇಳಿಬಿಟ್ಟರು. ನಾವು ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಕ್ಕ ಮೇಲೆ ಉತ್ತರ ಬರೆಯಬೇಕಲ್ಲ. ತೃಪ್ತಿ ತಾನು ಬರೆಯುತ್ತೇನೆ ಎಂದಳು. ನಾನು ಬೇಡ ಎಂದೆ. ಪಿಯುಸಿಯಲ್ಲಿ ಕಲಿತ ಇಂಗ್ಲಿಷನ್ನು ಕೊಟ್ಟಿಗೆ ಬಳಿಯುವುದಕ್ಕಂತೂ ಕಲಿತಿರಲಿಲ್ಲ. ಒಂದೊಂದೇ ಅಕ್ಷರ ಹುಡುಕಿ ಒತ್ತಿ ಬರೆದೆ. ಇದು ಕೊಳಕು ಮಾಡಿದ್ದಲ್ಲ, ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ವಾಪಸ್ ಕೊಡುವುದಿಲ್ಲ, ನಮ್ಮ ಅತ್ತೆ ನಿಮ್ಮನ್ನು ಬೀಗರ ಹಾಗೆ ಎಣಿಸಿ ಹಬ್ಬದ ಉಂಡಿ ಕಳಿಸಿದ್ದಾರೆ, ಹಾಳಾದದ್ದಕ್ಕೆ ಕ್ಷಮಿಸಿ, ಇನ್ನು ಹೀಗಾಗದಂತೆ ನಾನು ನೋಡಿಕೊಳ್ಳುತ್ತೇನೆ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ತೃಪ್ತಿ ಒಂದೆರಡು ಕಡೆ ತಿದ್ದಿದಳು ಅಷ್ಟೇ. ಮರುದಿನವೇ ಉತ್ತರ ಬಂದಿತ್ತಂತೆ, ಭರಮವ್ವ ಕಾಕಿಯ ಮಗನ ಫೋನಿಗೆ ತೃಪ್ತಿ ಹೇಳಿದಳು. ಖಾತೆ ತೆರೆದಿದ್ದೇವೆ, ತಾಯಿಯವರಿಗೆ ನಮಸ್ಕಾರ ತಿಳಿಸಿ, ಉಂಡಿ ಕಳಿಸಿದರೆ ಬೇರೆ ಡಬ್ಬಿಯಲ್ಲಿ ಕಳಿಸಿ ಎಂದು. ನಮಸ್ಕಾರ ತಿಳಿಸಿದೆ. ಅತ್ತೆ ಈಗ ಆ ಬೇರೆ ಡಬ್ಬಿಯನ್ನು ಹುಡುಕುತ್ತಿದ್ದಾರೆ, ನಾನು ಬಚ್ಚಿಟ್ಟಿದ್ದೇನೆ.

ಆದರೆ ಅವತ್ತು ಆ ಸೆಂಟರಿನಲ್ಲಿ ಕುಳಿತಾಗ ನಾನು ನಿಮ್ಮ ಪಟ್ಟಿಯನ್ನೂ ನೋಡಿದೆ. ಮುಂದೆ ಬರಬೇಕಾದ ಸಿನಿಮಾಗಳನ್ನೆಲ್ಲ ನೀವು ಸಾಲಾಗಿ ಬರೆದಿಟ್ಟಿದ್ದೀರಿ. ದೇವಿ, ಹೊಡೆದಾಟ, ದೆವ್ವ, ಮತ್ತೆ ಹೊಡೆದಾಟ. ಪಟ್ಟಿಯ ಪಕ್ಕದಲ್ಲಿ ಲೆಕ್ಕವಿಲ್ಲದಷ್ಟು ಸಿನಿಮಾಗಳಿದ್ದವು. ಸಮುದ್ರದ್ದು ಒಂದಿತ್ತು, ಮೀನು ಹಿಡಿಯುವವರ ಬದುಕಿನದು, ನಾನು ಅದನ್ನೇ ನೋಡುತ್ತ ಕುಳಿತುಬಿಟ್ಟೆ. ರೀ, ನಾನು ಇಷ್ಟು ದಿನ ನೀವು ಕಳಿಸಿದ್ದನ್ನೆಲ್ಲ ನೋಡಿದೆ. ನಿನಗೇನು ಬೇಕು ಎಂದು ನೀವು ಒಮ್ಮೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ಅವತ್ತು ನಿಜವಾಗಿ ಬೇಸರವಾಯಿತು. ನಿಮ್ಮ ಮೇಲೆ ಸಿಟ್ಟಲ್ಲ, ಬೇಸರ. ನೀವು ಅಷ್ಟು ದೂರ ಕುಳಿತು ನನ್ನ ಮಧ್ಯಾಹ್ನಗಳನ್ನೂ ಆರಿಸಿ ಕಳಿಸುತ್ತಿದ್ದಿರಿ, ನಾನು ಬಾಗಿಲಲ್ಲಿ ನಿಂತು ತೆಗೆದುಕೊಳ್ಳುತ್ತಿದ್ದೆ. ನಾನು ಹೈವೇ ಬಾಜೂ ಬೆಳೆದವಳು, ಅಪ್ಪನ ಪಂಕ್ಚರ್ ಅಂಗಡಿಯಲ್ಲಿ ಕುಳಿತು ಯಾವ ಲಾರಿ ಯಾವ ಊರಿಗೆ ಹೋಗುತ್ತದೆ ಎಂದು ಡ್ರೈವರ್‌ಗಳನ್ನು ಕೇಳಿ ತಿಳಿಯುತ್ತಿದ್ದವಳು. ಎಲ್ಲವೂ ಮನೆಗೇ ಬರುತ್ತದೆ ಎಂದು ಕುಳಿತರೆ ನಾನು ಎಲ್ಲಿಗೂ ಹೋಗುವುದೇ ಇಲ್ಲ. ಸಮುದ್ರದ ಸಿನಿಮಾವನ್ನು ನಾನು ಪಟ್ಟಿಯ ಮೇಲ್ತುದಿಗೆ ಹಾಕಿ ಬಂದಿದ್ದೇನೆ. ದೇವಿಯನ್ನು ಅದರ ಕೆಳಗೆ ಇಟ್ಟಿದ್ದೇನೆ, ಅತ್ತೆಗೆ ಹೇಳಬೇಡಿ.

ಕೆಲಸದ ಮಾತು ಬಂದದ್ದು ಹೀಗೆ. ನಾವು ಇನ್ನೂ ಅಲ್ಲೇ ಇರುವಾಗ ಒಳಗಿನಿಂದ ತೃಪ್ತಿಯ ಅತ್ತೆ ಸುಂದರಾಬಾಯಿಯವರು ಊಟಕ್ಕೆ ಕರೆದರು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಒಂದು ತುತ್ತೂ ತಿನ್ನುವುದಿಲ್ಲ, ಅದಕ್ಕೆ ಸಂಜೆ ಬೆಳಕಿರುವಾಗಲೇ ಸೆಂಟರಿನ ಬಾಗಿಲು ಹಾಕಿ ಎಲ್ಲರೂ ಒಳಗೆ ಹೋಗುತ್ತಾರೆ. ಕಾಲೇಜು ಬಿಟ್ಟ ಹುಡುಗರು ಬರುವುದೂ ಅದೇ ಹೊತ್ತಿಗೆ, ಬಾಗಿಲು ಹಾಕಿದ್ದು ಕಂಡು ಬೇರೆ ಸೆಂಟರಿಗೆ ಹೋಗುತ್ತಾರಂತೆ. ನಮ್ಮ ಬಸ್ಸಿಗೆ ಇನ್ನೂ ಹೊತ್ತಿತ್ತು. ತೃಪ್ತಿ "ನಾವು ಉಂಡು ಬರೂ ತನಕ ಸ್ವಲ್ಪ ಕುಂದರ್ತೀರೇನ್ರಿ" ಎಂದಳು, ಕುಳಿತೆ. ಹುಡುಗರು ಬಂದರು. ಯಾರು ಯಾವ ಕಂಪ್ಯೂಟರಿಗೆ ಎಷ್ಟು ಹೊತ್ತಿಗೆ ಕುಳಿತರು ಎಂದು ಬರೆದುಕೊಂಡೆ. ಒಬ್ಬ ಗದ್ದಲ ಮಾಡಿದ, ಹೊರಗೆ ಹೋಗು ಎಂದೆ, ಸುಮ್ಮನಾದ. ಭರಮವ್ವ ಕಾಕಿ ನನ್ನನ್ನು ನೋಡಿದ ರೀತಿ ನೀವು ನೋಡಬೇಕಿತ್ತು. ತೃಪ್ತಿ ಉಂಡು ಬಂದು ಎಲ್ಲ ನೋಡಿದಳು, ದಿನಾ ಬರಲು ಕೇಳಿದಳು. ಮಧ್ಯಾಹ್ನ ನನಗೆ ಕಂಪ್ಯೂಟರ್ ಕಲಿಸುತ್ತಾಳೆ, ಸಂಜೆ ಅವರು ಉಣ್ಣುವ ಹೊತ್ತಿಗೆ ಸೆಂಟರ್ ನಾನು ನೋಡಬೇಕು. ಪಗಾರ ಕೊಡುತ್ತಾಳೆ. ಅವರ ಊಟ ಮುಗಿದ ಕೂಡಲೇ ಹೊರಟರೆ ಅಂಕಲಗಿ ಬಸ್ಸು ಸಿಗುತ್ತದೆ, ಊರಿನ ಕಾಲೇಜು ಹುಡುಗಿಯರೂ ಅದೇ ಬಸ್ಸಿಗೆ ಬರುತ್ತಾರೆ.

ನೀವು ಏನೇನು ಹೇಳುತ್ತೀರಿ ಎಂದು ನನಗೆ ಗೊತ್ತು, ಅದಕ್ಕೆ ಮೊದಲೇ ಉತ್ತರ ಬರೆದುಬಿಡುತ್ತೇನೆ. ರೊಟ್ಟಿ, ನೀರು, ಕೊಟ್ಟಿಗೆ ಎಲ್ಲ ಮುಗಿಸಿಯೇ ಹೋಗುತ್ತೇನೆ, ಈಗಲೂ ಹತ್ತರ ಹೊತ್ತಿಗೆ ನನ್ನ ಕೈ ಖಾಲಿಯೇ. ಸುಗ್ಗಿಯ ದಿನಗಳಲ್ಲಿ ರಜೆ ಕೇಳಿದ್ದೇನೆ, ಕೊಡುತ್ತಾರೆ. ಮಂದಿ ಮಾತಾಡುತ್ತಾರೆ ಎನ್ನುತ್ತೀರಿ. ನೀವು ಪುಣೆಗೆ ಹೋದಾಗಲೂ ಮಂದಿ ಮಾತಾಡಿದರು, ಹೊಲವಿದ್ದವನು ಕೂಲಿಗೆ ಹೋದ ಎಂದು. ಈಗ ಅದೇ ಮಂದಿ ನಮ್ಮ ಪಡಸಾಲೆಯಲ್ಲಿ ಕುಳಿತು ಸಿನಿಮಾ ನೋಡುತ್ತಾರೆ. ನನ್ನನ್ನು ನೀವು ಕೂಡಿಹಾಕಿದ್ದೀರಿ ಎಂದು ನಾನು ಎಲ್ಲೂ ಹೇಳುವುದಿಲ್ಲ, ನೀವು ಅಂಥವರಲ್ಲ. ನನಗೆ ಕಷ್ಟವಾಗಬಾರದೆಂದು ಎಲ್ಲವನ್ನೂ ಬಾಗಿಲಿಗೇ ತಂದಿರಿ. ನನಗೆ ಮಾತ್ರ ಆ ಬಾಗಿಲು ದಾಟಿ ಹೋಗಬೇಕಾಗಿದೆ. ನೀವು ಹೂಂ ಎಂದರೆ ನನ್ನ ಕಾಲು ಹಗುರಾಗುತ್ತದೆ, ಅದಕ್ಕೇ ಇಷ್ಟೆಲ್ಲ ಬರೆದೆ. ಸೋಮವಾರದೊಳಗೆ ಒಮ್ಮೆ ಮಾವನವರಿಗೆ ಫೋನ್ ಮಾಡಿ ಹೂಂ ಎಂದು ಹೇಳಿಬಿಡಿ.

ಮೈ ನೋಡಿಕೊಳ್ಳಿ. ಬೆಚ್ಚಗೆ ಹೊದ್ದು ಮಲಗಿ. ರೂಮಿನವರಿಗೆಲ್ಲ ನಮಸ್ಕಾರ ತಿಳಿಸಿ. ಮಾವನವರೂ ಅತ್ತೆಯೂ ನಿಮಗೆ ಆಶೀರ್ವಾದ ಹೇಳಿದ್ದಾರೆ. ಮಾಯಕ್ಕ ದೇವಿಯ ದಯೆ ನಿಮ್ಮ ಮೇಲಿರಲಿ.

ನಿಮ್ಮವಳು,
ಅರ್ಚನಾ

ತಾ.ಕ.: ಪಾಕೀಟು ಅಂಟಿಸುವಷ್ಟರಲ್ಲಿ ಅತ್ತೆ ಬಂದು ಕುಳಿತು, ಇಷ್ಟುದ್ದ ಏನು ಬರೆದಿದ್ದೀ, ಓದು ಎಂದರು. ಏನನ್ನೂ ಬಿಡದೆ ಓದಿದೆ. ದೇವಿಯನ್ನು ಕೆಳಗಿಟ್ಟದ್ದಕ್ಕೆ ಒಮ್ಮೆ ದುರುಗುಟ್ಟಿ ನೋಡಿದರು. ಉಳಿದದ್ದನ್ನೂ ಪೂರ್ತಿ ಕೇಳಿದರು. ಆಮೇಲೆ, "ಅವನ್ನ ಏನ ಕೇಳತಿ? ಅವ ಪುಣೇಕ ಹೋಗೂ ಮುಂದ ನಿನ್ನ ಕೇಳಿ ಹೋಗ್ಯಾನೇನು?" ಎಂದರು. ಮಾವನವರು ಅಲ್ಲೇ ಹಗ್ಗ ಹೊಸೆಯುತ್ತಿದ್ದರು, ಬೇಡ ಎನ್ನಲಿಲ್ಲ. ಹಾಗಾಗಿ ನೀವು ಫೋನ್ ಮಾಡುವ ಅವಸರವಿಲ್ಲ. ಸೋಮವಾರ ಹೋಗುತ್ತಿದ್ದೇನೆ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಸಂತೋಷವಾದರೂ ಬರೆಯಿರಿ, ಸಿಟ್ಟು ಬಂದರೂ ಬರೆಯಿರಿ, ಆದರೆ ಮನೆಗೆ ಬರೆಯಬೇಡಿ. ಪಾಕೀಟಿನ ಹಿಂದೆ ಸೆಂಟರಿನ ವಿಳಾಸ ಬರೆದಿದ್ದೇನೆ, ಅಲ್ಲಿಗೆ ನನ್ನ ಹೆಸರಿಗೆ ಬರೆಯಿರಿ.