ದೊಡ್ಡದು ಮಾಡುವುದೆಂದರೆ

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿ, ವಿಜಯಪುರ
ಶುಕ್ರವಾರ, ೨೧ ಮಾರ್ಚ್ ೨೦೨೫

ಪ್ರೀತಿಯ ತಮ್ಮ ಸಿದ್ದಲಿಂಗೇಶನಿಗೆ ನಿನ್ನ ಅಕ್ಕ ನಂದಾಳ ಆಶೀರ್ವಾದ.

ಹೇಗಿದ್ದೀ? ಹೊತ್ತಿಗೆ ಸರಿಯಾಗಿ ಉಣ್ಣದೆ, ಪ್ರೆಸ್ಸಿನಲ್ಲೇ ಕೂತು ಬರೀ ಚಹಾದ ಮೇಲೆ ದಿನ ತಳ್ಳುತ್ತೀ ಎಂದು ವಿಶಾಖಾ ಹೇಳಿದಳು. ಕಟ್ಟಿಕೊಂಡ ಹೆಂಡತಿ ಪುಣ್ಯಾತ್ಮಳು, ನಾನಾಗಿದ್ದರೆ ಕಿವಿ ಹಿಂಡಿ ತಾಟಿನ ಮುಂದೆ ಕೂರಿಸುತ್ತಿದ್ದೆ. ಅವಳ ಮೊಣಕಾಲಿನ ನೋವು ಈಗ ಹೇಗಿದೆ? ಅಪ್ಪ ಇದ್ದ ಹಾಗೇ ಇದ್ದಾನೆ. ಲಕ್ವಾ ಹೊಡೆದ ಬಲಗೈ ಇನ್ನೂ ಏಳುವುದಿಲ್ಲ. ಮಾತು ಒಂದೊಂದೇ ಬರುತ್ತದೆ, ಕೆಲವು ದಿನ ಅದೂ ಇಲ್ಲ. ಆದರೆ ಸಂಜೆಗೆ ಅಲ್ಲಾಉದ್ದೀನ ಚಾಚಾನ ಹೆಗಲು ಹಿಡಿದು ಟಾಕೀಸಿನ ಅಂಗಳದವರೆಗೆ ಅಡ್ಡಾಡಿ ಬರುತ್ತಾನೆ. ನಾನು ಬಬಲೇಶ್ವರದ ಮನೆಯನ್ನು ಗಂಡನ ಮೇಲೆ ಹಾಕಿ ಇಲ್ಲೇ ಇದ್ದೇನೆ. ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಎಂದು ನಗಬೇಡ. ಮಂಗಳವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಚಾಚಾನ ಮಗ ಮುನಾಫ ತಿಕೋಟಾದ ಒಣದ್ರಾಕ್ಷಿಯನ್ನು ಗಾಡಿಗೆ ತುಂಬಿಕೊಂಡು ಇವತ್ತು ಸಾಂಗಲಿಗೆ ಬರುತ್ತಿದ್ದಾನೆ. ನಿನ್ನ ಕೈಯಲ್ಲೇ ಕೊಟ್ಟು, ನೀನು ಓದಿ ಮುಗಿಸುವವರೆಗೆ ಎದುರಿಗೇ ನಿಲ್ಲಬೇಕೆಂದು ಅವನಿಗೆ ಹೇಳಿದ್ದೇನೆ. ಅವನ ಮುಂದೆ ಮುಖ ಗಂಟು ಹಾಕಿಕೊಳ್ಳಬೇಡ.

ಮಂಗಳವಾರ ನಡೆದದ್ದನ್ನು ನೀನು ಫೋನಿನ ವಿಡಿಯೋದಲ್ಲಿ ನೋಡಿದ್ದೀ, ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ನಮ್ಮ ಶಶಿಪ್ರಭಾ ಟಾಕೀಸನ್ನು ಕೆಡವಿ ಮಾಲ್ ಕಟ್ಟುತ್ತೇನೆಂದು ನಿನ್ನ ಹಿಂದೆ ಬಿದ್ದಿರುವ ಆ ಬಿಲ್ಡರ್ ತನ್ನ ಕಡೆಯವನೊಬ್ಬನನ್ನು ಕಳಿಸಿದ್ದ. ಕರಾವಳಿಯ ಕಡೆಯವನು, ಮಾತು ಬಹಳ ನಯ. ಜೊತೆಗೆ ಬಂದವನು ವಿಡಿಯೋಕ್ಕೆಂದು ಕೋಲಿಗೆ ಕಟ್ಟಿದ ಬಿಳಿ ಲೈಟನ್ನು ಅಪ್ಪನ ಕಣ್ಣಿಗೇ ಹಿಡಿದ. ಅಪ್ಪ ಎಡಗೈ ಅಡ್ಡ ತಂದ. ಟಾಕೀಸನ್ನು ಏನು ಮಾಡಬೇಕೆಂದು ನಿಮ್ಮ ಆಸೆ ಎಂದು ಆ ನಯದ ಮಾತಿನವನು ಕೇಳುತ್ತಲೇ ಇದ್ದ. ಕೊನೆಗೆ ಅಪ್ಪ ತಡವರಿಸಿ ತಡವರಿಸಿ ಅಂದ, "ದೊಡ್ಡದ ಮಾಡ್ರಿ." ಅಷ್ಟೇ ಸಾಕಾಯಿತು. ಯಜಮಾನರೇ ಹೇಳಿದರು, ದೊಡ್ಡದು ಮಾಡಬೇಕಂತೆ ಎಂದು ಅವರಿಬ್ಬರೂ ಹಿಗ್ಗಿಹೋದರು. ನಾನು ಬಾಯಿ ತೆರೆಯುವುದರೊಳಗೆ ವಿಡಿಯೋ ನಿನಗೆ ಮುಟ್ಟಿ, ನಿನ್ನಿಂದ ಕೈಮುಗಿದ ಚಿತ್ರವೂ ಬಂದಾಗಿತ್ತು.

ಅವರು ಹೊರಗಿನವರು, ಅವರನ್ನು ಬೈಯುವುದಿಲ್ಲ. ನೀನು ಈ ಮನೆಯಲ್ಲಿ ಹುಟ್ಟಿದವನಲ್ಲವೇನೋ? ನಮ್ಮ ಮನೆಯಲ್ಲಿ ಯಾರಾದರೂ ದೀಪ ಆರಿಸು ಅಂದದ್ದನ್ನು ಕೇಳಿದ್ದೀಯಾ? ಚಿಕ್ಕವನಿದ್ದಾಗ ನೀನೊಮ್ಮೆ ಹಾಗೆ ಅಂದು ಅವ್ವನ ಕೈಯಲ್ಲಿ ಬೆನ್ನಿಗೆ ಗುದ್ದು ತಿಂದಿದ್ದೀ. ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು ಎಂದು ಅವಳು ನಿನ್ನ ಬಾಯಲ್ಲೇ ಹೇಳಿಸಿದ್ದಳು. ಕಡೆಯ ಆಟ ಮುಗಿದು ಜನ ಹೋದ ಮೇಲೆ ಅಪ್ಪ ಕೆಳಗಿನಿಂದ ಸಿನಿಮಾ ಮಷಿನ್ ಕೋಣೆಗೆ ಕೇಳುವ ಹಾಗೆ "ಅಲ್ಲಾಉದ್ದೀನ, ದೊಡ್ಡದ ಮಾಡು" ಎಂದು ಕೂಗುತ್ತಿದ್ದ, ಚಾಚಾ ಮೇಲೆ ದೀಪ ತೆಗೆಯುತ್ತಿದ್ದ, ಟಾಕೀಸು ಕತ್ತಲಾಗುತ್ತಿತ್ತು. ಕಣ್ಣು ಕುಕ್ಕುತ್ತಿದ್ದ ಆ ಹಾಳು ಲೈಟು ತೆಗೆಯಿರಿ ಎಂದು ಅಪ್ಪ ಕೇಳಿಕೊಂಡರೆ, ಅದನ್ನೇ ಹಿಡಿದು ನೀವು ಟಾಕೀಸನ್ನೇ ತೆಗೆಯಲು ಹೊರಟಿರಿ. ಇದನ್ನೇ ಫೋನಿನಲ್ಲಿ ಹೇಳಿದರೆ ಏನಂದೆ? "ಅಕ್ಕಾ, ಅಪ್ಪನ ಬಾಯಿಂದ ಬಂದ ಮಾತದ. ಬ್ಯಾಡ ಅನ್ನೂದೂ ಅವನ ಬಾಯಿಂದನ ಬರ್ಲಿ, ನಿಲ್ಲಸ್ತೀನಿ." ಅಂದು ಇಟ್ಟವನು ಮತ್ತೆ ಎತ್ತಲಿಲ್ಲ.

ಟಾಕೀಸು ಈಗ ನಿನ್ನ ಹೆಸರಿಗಿದೆ, ಗೊತ್ತು. ಬೀಗ ಬಿದ್ದು ವರ್ಷಗಳಾದವು, ಹೆಗ್ಗಣ ಓಡಾಡುತ್ತಿವೆ, ಅದೂ ಗೊತ್ತು. ಆದರೆ ಗೋಡೆ ಗಟ್ಟಿ ಇದೆ. ಹೆಂಗಸರಿಗೆಂದು ಅಜ್ಜ ಕಟ್ಟಿಸಿದ ಬೇರೆ ಮೆಟ್ಟಿಲಿನ ಒಂದು ಕಲ್ಲೂ ಅಲುಗಾಡಿಲ್ಲ. ಆ ಮೆಟ್ಟಿಲು ಇದ್ದದ್ದಕ್ಕೇ ಘೋಣಸಗಿಯ ಸೀತವ್ವತ್ತೆಯಂಥವರನ್ನು ಮನೆಯವರು ಸಿನಿಮಾಕ್ಕೆ ಕಳಿಸುತ್ತಿದ್ದರು. ರೊಟ್ಟಿ ಗಂಟು ಕಟ್ಟಿಕೊಂಡು ಬಂದು, ಅಳುವ ಸೀನಿನಲ್ಲಿ ಎಲ್ಲರೂ ಸೇರಿ ಮನಸಾರೆ ಅತ್ತು, ಹಗುರಾಗಿ ಹೋಗುತ್ತಿದ್ದರು. ತಿಕೋಟಾದ ಬಸ್ಸು ಬರುವವರೆಗೆ ಅಪ್ಪ ಆಟ ಶುರುಮಾಡುತ್ತಿರಲಿಲ್ಲ, ಸೀಟಿ ಹೊಡೆಯುವವರು ಹೊಡೆದುಕೊಳ್ಳಲಿ ಎಂದು ಬಾಗಿಲಲ್ಲೇ ನಿಲ್ಲುತ್ತಿದ್ದ. ಊರಿನ ನಾಟಕದ ಹುಡುಗರು ಬಂದು, ತಾವೇ ದುರಸ್ತಿ ಮಾಡಿಕೊಂಡು ನಾಟಕ, ಹಳೆಯ ಸಿನಿಮಾ ನಡೆಸುತ್ತೇವೆ, ಬಾಗಿಲು ತೆರೆದುಕೊಡಿ ಎಂದು ಕೇಳಿದ್ದಾರೆ. ಈ ಮಾತು ನಿನಗೆ ಹೇಳಿದ್ದೆ. ಬಿಲ್ಡರ್ ನಮ್ಮ ಹೆಸರನ್ನೇ ಮಾಲಿನ ಮೇಲೆ ಹಾಕುತ್ತಾನಂತೆ ಎಂದು ನೀನು ಅದಕ್ಕೆ ಉತ್ತರ ಕೊಟ್ಟೆ.

ಒಂದು ಮಾತು ಸುಳ್ಳು ಹೇಳಲಾರೆ. ಮಂಗಳವಾರ ಸಂಜೆ ನಾನೇ ಅಪ್ಪನ ಪಕ್ಕ ಕೂತು, ಟಾಕೀಸು ಇರಲೋ ಕೆಡವಲೋ ಎಂದು ಬಿಡಿಸಿ ಕೇಳಿದೆ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಬೇಡ ಅಂದನೆಂದು ನಿನಗೆ ಬರೆದರೆ ನನ್ನ ಕೆಲಸ ಆಗುತ್ತಿತ್ತು. ಆದರೆ ಅವನು ಆಡದ ಮಾತನ್ನು ಅವನ ಬಾಯಲ್ಲಿ ಇಟ್ಟರೆ ಆ ಲೈಟಿನವನಿಗೂ ನನಗೂ ಏನು ಫರಕು? ಅದಕ್ಕೇ ಕೇಳುತ್ತಿದ್ದೇನೆ, ಸೋಮವಾರ ಬಿಲ್ಡರನ ಕರಾರಿಗೆ ಸಹಿ ಮಾಡುವ ಮೊದಲು ಒಮ್ಮೆ ಬಾ. ಅವನ ಹತ್ತಿರ ಕೂತು ನೀನೇ ಕೇಳು. ಕೆಡವು ಅಂದರೆ ಕೆಡವು, ನಾನು ತುಟಿ ಎರಡು ಮಾಡುವುದಿಲ್ಲ.

ವಿಶಾಖಾಳಿಗೆ ನೆನಪು ಹೇಳು, ಮಕ್ಕಳ ಕೆನ್ನೆಗೆ ನನ್ನ ಮುತ್ತು. ಕಾಗದದ ಜೊತೆಗಿರುವ ದ್ರಾಕ್ಷಿ ಅವರಿಗೆ, ನೀನೊಬ್ಬನೇ ಬಾಯಾಡಿಸಿ ಮುಗಿಸಬೇಡ. ಸಿದ್ಧರಾಮ ನಿನ್ನನ್ನು ತಣ್ಣಗಿಟ್ಟಿರಲಿ.

ಸಿಟ್ಟಿನಲ್ಲೂ ನಿನ್ನವಳೇ ಆದ ಅಕ್ಕ,
ನಂದಾ

ತಾ.ಕ.: ಮೇಲಿನದನ್ನು ಮಡಿಸಿಟ್ಟಿದ್ದೆ, ಮತ್ತೆ ಬಿಚ್ಚಿ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಕೆಡವುವ ಮಷಿನ್ ಇವತ್ತೇ ಬಂದಿದೆ. ಕೆಲಸ ಶುರುಮಾಡಿರಿ, ಸಹಿ ಸೋಮವಾರ ಹಾಕುತ್ತೇನೆ ಎಂದು ನೀನೇ ಫೋನಿನಲ್ಲಿ ಹೂಂ ಅಂದಿದ್ದೀಯಂತೆ. ಖುರ್ಚಿ ಕೀಳುತ್ತಿದ್ದಾರೆ. ಸಪ್ಪಳ ಕೇಳಿ ಅಪ್ಪ ಚಾಚಾನನ್ನು ಕರೆದುಕೊಂಡು ಹೋಗಿ, ಉಳಿದಿರುವ ಸಾಲಿನ ನಡುವೆ ಕೂತುಬಿಟ್ಟಿದ್ದಾನೆ, ಯಾರು ಎಬ್ಬಿಸಿದರೂ ಏಳುತ್ತಿಲ್ಲ. ಇಷ್ಟು ತಿಂಗಳಲ್ಲಿ ಇಷ್ಟು ಉದ್ದ ಮಾತಾಡಿರಲಿಲ್ಲ, ಆ ಮಷಿನ್ನಿನವನಿಗೆ ಸ್ಪಷ್ಟವಾಗಿ ಹೇಳಿದ, "ತಡೀರಿ. ನನ್ನ ಮಗಾ ಸಾಂಗಲಿಯಿಂದ ಬರ್ತಾನ. ಅವಾ ನಿಮ್ಮನ್ನ ಬಿಡೂದಿಲ್ಲ." ಮುನಾಫ ಒಣದ್ರಾಕ್ಷಿ ಇಳಿಸಿ ಕೂಡಲೇ ತಿರುಗುತ್ತಾನೆ, ಅವನ ಪಕ್ಕದಲ್ಲೇ ಕೂತು ಬಾ. ಮಷಿನ್ನಿಗೆ ಹೂಂ ಅಂದದ್ದು ಯಾರೆಂದು ಅಪ್ಪನಿಗೆ ನಾನು ಹೇಳಿಲ್ಲ.