ಪ್ರಳಯದ ಚೀಲ

ಅಕ್ಕನ ಮನೆ, ನಾಲ್ಕನೇ ಮಹಡಿ
ಮಂಗಳವಾರ, ಮಧ್ಯಾಹ್ನ

ಲೋಕವೇ ಮುಳುಗಿದರೂ ಟೀ ಲೋಟ ಮಾತ್ರ ಕೈಬಿಡದ ನಮ್ಮ ಮನೆಯ ಪ್ರಳಯಾಂತಕರಿಗೆ,

ಭಾವನ ಕೈಯಲ್ಲಿ ನೀವು ಕಳಿಸಿದ ಚೀಟಿ ತಲುಪಿತು. ಮೂರೇ ಸಾಲು. ಮುಂದಿನ ಹಲ್ಲು ಅಲ್ಲಾಡುತ್ತಿದೆ, ಧಾರಾವಾಹಿಯ ಹೊಸ ಭಾಗ ಶುರುವಾಗಿದೆ, ಅಕ್ಕನ ಕಾಲು ಹೇಗಿದೆ. ಹೆಂಡತಿ ಹೇಗಿದ್ದಾಳೆ ಅಂತ ಕೇಳುವುದಕ್ಕೆ ಇನ್ನೊಂದು ಸಾಲು ಬೇಕಾಗಿತ್ತು, ಕಾಗದದಲ್ಲಿ ಜಾಗವೂ ಇತ್ತು. ಇರಲಿ. ಕೇಳಿದ್ದಕ್ಕಾದರೂ ಉತ್ತರ ಕೊಡುತ್ತೇನೆ. ಫೋನ್ ಮಾಡಬಹುದಿತ್ತು ಅನ್ನುತ್ತೀರಿ. ಫೋನಿನಲ್ಲಿ ನೀವು ಹೂಂ ಅನ್ನುತ್ತೀರಿ, ಏನು ಹೂಂ ಅಂತ ನಾನು ಕೇಳುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಅದಕ್ಕೇ ಈ ಕಾಗದ.

ಮೊದಲು ಹಲ್ಲು. ನಿಮ್ಮ ಕಟ್ಟುಹಲ್ಲಿನ ಪ್ಲೇಟಿನ ಕೊಕ್ಕೆ ಸಡಿಲವಾಗಿರಬೇಕು, ಅಷ್ಟೇ. ದಯವಿಟ್ಟು ಅಂಟು ಹಾಕಬೇಡಿ. ಹಾಕಿಯೇ ಇರುತ್ತೀರಿ ಅಂತ ಗೊತ್ತು, ಆದರೂ ಹೇಳುತ್ತಿದ್ದೇನೆ. ಲಿಫ್ಟಿನ ತಂತಿ ತಿರುಚುವ ಇಕ್ಕಳದಿಂದ ಅದನ್ನು ಬಗ್ಗಿಸುವುದಕ್ಕೂ ಹೋಗಬೇಡಿ. ಸಣ್ಣ ಇಕ್ಕಳದಲ್ಲಿ ಅದು ಚಿಟಿಕೆ ಹೊಡೆಯುವಷ್ಟು ಹೊತ್ತಿನ ಕೆಲಸ. ಆದರೆ ಆ ಇಕ್ಕಳ ಹಿಡಿಯುವ ಕೈ ಈಗ ಇಲ್ಲಿದೆ.

ಎರಡನೆಯದು ಅಕ್ಕನ ಕಾಲು. ಅದು ವಾಸಿಯಾಗಿ ಬಹಳ ದಿನವಾಯಿತು. ಪ್ಲಾಸ್ಟರ್ ಬಿಚ್ಚಿಸಿಕೊಂಡವಳು ಈಗ ತರಕಾರಿ ಚೀಲ ಹಿಡಿದುಕೊಂಡು ನಾಲ್ಕು ಮಹಡಿ ಹತ್ತಿ ಇಳಿಯುತ್ತಾಳೆ, ನನಗಿಂತ ಮುಂದೆ. ನಾನು ಇಲ್ಲಿರುವುದು ಅಕ್ಕನ ಕಾಲಿಗಾಗಿ ಅಲ್ಲ. ಇದು ನನಗೆ ಗೊತ್ತು, ನಿಮಗೂ ಗೊತ್ತು, ನಿಮ್ಮ ತಂಗಿಗಂತೂ ಮೊದಲೇ ಗೊತ್ತು. ನೆರೆಹೊರೆಯವರಿಗೆ ಕಾಲಿನ ಕಥೆಯನ್ನೇ ಹೇಳುತ್ತಿರಿ, ಬೇಡ ಅನ್ನುವುದಿಲ್ಲ.

ಆ ದಿನದ ಊಟದ ಮೇಜು ನಿಮಗೆ ನೆನಪಿದೆಯೋ ಇಲ್ಲವೋ. ನಿಮ್ಮ ತಂಗಿ, ಅವಳ ಮಗಳು ಇಬ್ಬರೂ ಬಂದಿದ್ದರು. ಆ ಹುಡುಗಿಗೆ ನೀವೆಂದರೆ ಪ್ರಾಣ. ಪ್ರಳಯ ಮಾವ, ಪ್ರಳಯ ಮಾವ ಅಂತ ಹಿಂದೆ ಮುಂದೆ ಸುತ್ತುತ್ತಾಳೆ. ಅವಳು ತಮಾಷೆಗೆ ಕೇಳಿದ್ದು: ಮಾವ, ನಾಳೆ ಬೆಳಿಗ್ಗೆ ಲೋಕ ಮುಗಿದುಹೋಯ್ತು ಅಂತಿಟ್ಕೊ, ನೆಲಮಾಳಿಗೇಲಿ ನಿನ್ ಜೊತೆ ಇನ್ನೈದು ಜನಕ್ಕೆ ಜಾಗ ಇದೆ, ಯಾರನ್ನ ಕರ್ಕೊಂಡು ಹೋಗ್ತೀಯ? ಬೇರೆ ಯಾರಾದರೂ ಆಗಿದ್ದರೆ ನಕ್ಕು, ಮನೆಯವರನ್ನೆಲ್ಲ ಹೆಸರಿಸಿ, ಮೊಸರಿಗೆ ಕೈ ಹಾಕುತ್ತಿದ್ದರು. ಪಾಪ, ನಿಮಗೆ ಆ ವಿಷಯದಲ್ಲಿ ತಮಾಷೆಯೇ ಇಲ್ಲವಲ್ಲ. ತಟ್ಟೆ ಪಕ್ಕಕ್ಕೆ ಸರಿಸಿದಿರಿ. ಬೆರಳು ಮಡಿಸಿ ಎಣಿಸಿದಿರಿ. ಬಾವಿ ತೋಡುವವನು, ನರ್ಸು, ರೈತ, ಕಮ್ಮಾರ, ದನ ಸಾಕಿ ಗೊತ್ತಿರುವವನು. ಹುಡುಗಿ ನನ್ನ ಮುಖ ನೋಡಿ, ಅತ್ತೆ ಎಲ್ಲಿ ಮಾವ ಅಂದಳು. ನೀವು ನಿಜವಾಗಿಯೂ ಯೋಚನೆ ಮಾಡಿದಿರಿ. ಅದೇ ನನಗೆ ತಡೆಯಲಾಗದ್ದು. ಯೋಚನೆ ಮಾಡಿ, ಅವಳಿಗೆ ಅಲ್ಲೇನು ಕೆಲಸ, ಪ್ರಳಯ ಆದ್ಮೇಲೆ ಯಾರು ಹಲ್ಲು ಕಟ್ಟಿಸ್ಕೊಳ್ತಾರೆ ಅಂದಿರಿ. ನಿಮ್ಮ ತಂಗಿ ಕೆಮ್ಮು ಬರುವಷ್ಟು ನಕ್ಕಳು. ನೀವೂ ನಕ್ಕಿರಿ. ನಾನು ಮಾಡಿಕೊಟ್ಟ ಹಲ್ಲನ್ನೇ ಕಿಸಿದುಕೊಂಡು ನಕ್ಕಿರಿ.

ಆ ಎರಡು ಹಲ್ಲಿನ ಕಥೆ ಮರೆತಿದ್ದರೆ ನೆನಪಿಸುತ್ತೇನೆ. ಲಿಫ್ಟಿನ ಬಾಗಿಲು ಬಡಿದು ಮುಂದಿನ ಹಲ್ಲು ಎರಡೂ ಉದುರಿ ನಮ್ಮ ಡಾಕ್ಟರ ಹತ್ತಿರ ಬಂದಿದ್ದಿರಿ. ಹಿಂದಿನ ಕೋಣೆಯಲ್ಲಿ ಮೇಣ, ಗಾರೆ, ಅಚ್ಚುಗಳ ನಡುವೆ ಇರುವ ನಾನು ರೋಗಿಗಳ ಮುಖ ನೋಡುವುದೇ ಅಪರೂಪ. ಬಣ್ಣ ಹೊಂದಿಸುವುದಕ್ಕೆ ಕರೆದರು ಅಂತ ಬಂದೆ. ಕಿಟಕಿಯ ಬೆಳಕಿಗೆ ನಿಮ್ಮನ್ನು ತಿರುಗಿಸಿ ನಿಲ್ಲಿಸಿದರೆ, ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಕಾಮಿಕ್ಸು. ಗಾಳಿ ಸೋರುವ ಬಾಯಲ್ಲಿ ನೀವು ನನ್ನನ್ನು ಕೇಳಿದ ಮೊದಲ ಮಾತು, ಈ ಹಲ್ಲಲ್ಲಿ ಕಲ್ಲಿನಂಥ ಬಿಸ್ಕತ್ತು ಕಡೀಬಹುದಾ ಅಂತ. ಯಾಕೆ ಅಂತ ಕೇಳಿದ್ದೇ ತಪ್ಪಾಯಿತು. ಲೋಕ ಹೇಗೆ ಮುಗಿಯುತ್ತದೆ ಅಂತ ಹೇಳುತ್ತಾ ನನ್ನ ಊಟದ ಹೊತ್ತನ್ನೆಲ್ಲ ತಿಂದಿರಿ. ಮನುಷ್ಯ ಹುಚ್ಚ, ಆದರೆ ಸುಳ್ಳು ಹೇಳುವವನಲ್ಲ ಅಂದುಕೊಂಡೆ. ಸುಳ್ಳು ಹೇಳದಿರುವುದೇ ಮುಂದೆ ನನಗೆ ಮುಳುವಾಗುತ್ತದೆ ಅಂತ ಆಗ ಎಲ್ಲಿ ಗೊತ್ತಿತ್ತು?

ಈಗ ಚೀಲದ ವಿಷಯ. ಹೊರಟ ಬೆಳಿಗ್ಗೆ ಕೋಪದಲ್ಲಿ ಬಾಗಿಲ ಹಿಂದಿನ ಚೀಲ ಎಳೆದುಕೊಂಡು ಬಂದೆನಲ್ಲ, ಅದು ನನ್ನದಲ್ಲ. ನಿಮ್ಮ ಕಂಪನಿಯವರು ಕೊಟ್ಟ ಎರಡೂ ಖಾಕಿ ಚೀಲ ಅಲ್ಲೇ ತೂಗುತ್ತಿದ್ದವು. ಒಂದರಲ್ಲಿ ನನ್ನ ಬಟ್ಟೆ, ಇನ್ನೊಂದು ನಿಮ್ಮ ಪ್ರಳಯದ ಚೀಲ. ಇಲ್ಲಿಗೆ ಬಂದು ಬಿಚ್ಚಿದರೆ ಹಗ್ಗ, ಟಾರ್ಚು, ಸೀಟಿ, ನೀರು ಶುದ್ಧ ಮಾಡುವ ಮಾತ್ರೆ, ಅದೇ ಬಿಸ್ಕತ್ತು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕದ ಕಟ್ಟು, ಇನ್ನೂ ಏನೇನೋ. ಉಟ್ಟ ಬಟ್ಟೆ ಬಿಟ್ಟರೆ ನನ್ನದೊಂದು ನೂಲೂ ಇಲ್ಲ. ಆಗ ಅಕ್ಕ ಪ್ಲಾಸ್ಟರ್ ಕಾಲು ಚಾಚಿಕೊಂಡು ಮಂಚದ ಮೇಲಿದ್ದಳು. ಇದೇನೇ, ಗಂಡನ್ ಮೇಲೆ ಮುನಿಸ್ಕೊಂಡು ಬಂದ್ಯೋ, ಬೆಟ್ಟ ಹತ್ತೋಕೆ ಹೊರಟ್ಯೋ ಅಂತ ಕೇಳಿದಳು. ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಅಂದಿನಿಂದ ಅಕ್ಕನ ಬಟ್ಟೆಯಲ್ಲೇ ಇದ್ದೇನೆ. ಅವಳು ನನಗಿಂತ ಗೇಣುದ್ದ ಗಿಡ್ಡ, ನೋಡಿದವರು ಏನಂದುಕೊಳ್ಳುತ್ತಾರೋ. ಚೀಲ ಕಾಣೆಯಾಗಿದ್ದು ನಿಮಗೆ ಆ ಸಂಜೆಯೇ ಗೊತ್ತಾಗಿರುತ್ತದೆ, ಆದರೆ ಚೀಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಅದಿಲ್ಲದೆ ಇಷ್ಟು ದಿನ ಹೇಗೆ ನಿದ್ದೆ ಮಾಡಿದಿರಿ ಅಂತ ನನಗೆ ನಿಜವಾಗಿಯೂ ಆಶ್ಚರ್ಯ.

ಪುಸ್ತಕಗಳನ್ನು ಓದಿದೆ. ಇಷ್ಟಪಟ್ಟು ಅಲ್ಲ, ತಪ್ಪು ಹುಡುಕುವುದಕ್ಕೆ. ಮಾಡಲು ಬೇರೆ ಕೆಲಸವಿರಲಿಲ್ಲ, ಅಕ್ಕ ಮಲಗಿರುತ್ತಿದ್ದಳು. ಮೊದಲು ಬೂದಿ ಮಳೆಯ ಕಾದಂಬರಿ. ಆಮೇಲೆ ಕಡಲು ಹಿಂದೆ ಸರಿದು, ಮರಳಲ್ಲಿ ಸಿಕ್ಕಿಕೊಂಡ ಹಡಗಿನಲ್ಲಿ ಒಂದು ಊರೇ ಸಂಸಾರ ಮಾಡುವ ಕಥೆ. ಕೊನೆಗೆ ಬೀಜದ ಗಂಟು ಕಟ್ಟಿಕೊಂಡು ಸೈಕಲ್ ತುಳಿಯುವ ಹೆಂಗಸಿನ ಕಾಮಿಕ್ಸು. ತಪ್ಪು ಸಿಕ್ಕಿತು. ಎಂಥ ತಪ್ಪು! ಒಬ್ಬರಿಗಾದರೂ ಹಲ್ಲುನೋವು ಬರುವುದಿಲ್ಲವಲ್ಲರೀ! ವರ್ಷಗಟ್ಟಲೆ ಬೂದಿ ಸುರಿದಿದೆ, ಬ್ರಶ್ಶಿಲ್ಲ, ಪೇಸ್ಟಿಲ್ಲ, ಕುಡಿಯುವುದಕ್ಕೇ ನೀರಿಲ್ಲ. ನಾಯಕಿ ನಕ್ಕರೆ ಮಾತ್ರ ಮುತ್ತು ಪೋಣಿಸಿದ ಹಾಗೆ ಹಲ್ಲು. ಹಡಗಿನ ಮುದುಕರೆಲ್ಲ ಒಣಗಿದ ಮಾಂಸ ಕಟಕಟ ಅಗಿಯುತ್ತಾರೆ. ಅವರಿಗೆ ಆ ಹಲ್ಲು ಕಟ್ಟಿಕೊಟ್ಟವರು ಯಾರು? ನೀವು ಅಟ್ಟದ ತುಂಬ ಡಬ್ಬ ಡಬ್ಬ ಕಡಲೆ ತುಂಬಿಟ್ಟಿದ್ದೀರಿ. ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವ ಗಾದೆ ನಿಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು. ಹೋಗಲಿ, ಕರೆಂಟೇ ಇಲ್ಲದ ಲೋಕದಲ್ಲಿ ಲಿಫ್ಟ್ ರಿಪೇರಿಯವರಿಗೆ ಏನು ಕೆಲಸ? ನಿಮ್ಮನ್ನು ನೀವು ಯಾವ ಲೆಕ್ಕದಲ್ಲಿ ಒಳಗೆ ಬಿಟ್ಟುಕೊಂಡಿರಿ?

ಇದನ್ನೆಲ್ಲ ಬರೆದು ನಿಮ್ಮ ಬಾಯಿ ಮುಚ್ಚಿಸಬೇಕು ಅಂತ ಕೂತಿದ್ದೆ. ಓದುತ್ತಾ ಓದುತ್ತಾ ನನ್ನ ಬಾಯೇ ಮುಚ್ಚಿತು. ಚೆನ್ನಾಗಿದೆ ರೀ. ಒಪ್ಪಿಕೊಳ್ಳುವುದಕ್ಕೆ ಕಷ್ಟವಾಗುತ್ತದೆ, ಆದರೂ ಚೆನ್ನಾಗಿದೆ. ಹಡಗಿನ ಕಥೆ ಮುಗಿಸಿದ ದಿನ ಅನ್ನ ತಳ ಹತ್ತಿತು, ನನಗೆ ವಾಸನೆಯೂ ಬರಲಿಲ್ಲ. ನಿಮ್ಮ ಆ ಪ್ರಳಯದ ಧಾರಾವಾಹಿಯ ಹೊಸ ಭಾಗ ಶುರುವಾಗಿದ್ದು ನಿಮ್ಮ ಚೀಟಿ ನೋಡಿ ತಿಳಿಯಬೇಕಾಗಿರಲಿಲ್ಲ, ಮೊದಲ ಕಂತಿನಿಂದಲೂ ನೋಡುತ್ತಿದ್ದೇನೆ. ಅಕ್ಕನಿಗೂ ಹುಚ್ಚು ಹಿಡಿಸಿದ್ದೇನೆ. ಅದು ಬರುವ ಹೊತ್ತಿಗೆ ಭಾವನ ಊಟ ಮುಗಿದಿರಬೇಕು, ಇಲ್ಲದಿದ್ದರೆ ಅವರೇ ಬಡಿಸಿಕೊಳ್ಳಬೇಕು. ನಾವಿಬ್ಬರೂ ಟಿವಿ ಮುಂದೆ ಕೂತಾಗ, ಅಲ್ಲಿ ನೀವೂ ಅದನ್ನೇ ನೋಡುತ್ತಿರುತ್ತೀರಿ ಅನ್ನುವುದು ನೆನಪಾಗುತ್ತದೆ. ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ನನ್ನ ನಿಜವಾದ ಜಗಳ ಹಲ್ಲಿನದ್ದಲ್ಲ. ಈ ಕಥೆಗಳಲ್ಲೆಲ್ಲ ಒಬ್ಬರಾದರೂ ಬುದ್ಧಿ ಕೆಟ್ಟು ಹಿಂದಕ್ಕೆ ಹೋಗುತ್ತಾರೆ. ಸೈಕಲ್ಲಿನ ಹೆಂಗಸು ಹಸಿರು ಕಣಿವೆ ಕಣ್ಣಿಗೆ ಬಿದ್ದ ಮೇಲೆ ಸೈಕಲ್ ತಿರುಗಿಸುತ್ತಾಳೆ. ಯಾರಿಗಾಗಿ? ಅತ್ತೆಗಾಗಿ. ಆ ಅತ್ತೆಗೆ ಬೀಜ ಬಿತ್ತುವುದು ಗೊತ್ತಿಲ್ಲ, ಬಾವಿ ತೋಡುವುದು ಗೊತ್ತಿಲ್ಲ, ಸೊಸೆಯನ್ನು ಬಯ್ಯುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಆ ಪುಟದ ಮೂಲೆಯನ್ನೇ ನೀವು ಮಡಿಸಿಟ್ಟಿದ್ದೀರಿ. ಧಾರಾವಾಹಿಯ ಹೋದ ವಾರದ ಕಂತಿನಲ್ಲಿ, ಬಿಟ್ಟುಬಂದವರಿಗಾಗಿ ಅಂಬಿಗ ದೋಣಿ ತಿರುಗಿಸಿದಾಗ ನೀವು ಅತ್ತಿರುತ್ತೀರಿ, ಟೀ ಬಿಸಿ ಅಂತ ಮೂಗು ಒರೆಸಿಕೊಂಡಿರುತ್ತೀರಿ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದವಳು ನಾನು. ನೀರು ಸೋಸುವುದನ್ನು ಈ ಕಥೆಗಳಿಂದ ಕಲಿತಿರಿ, ಗಂಟು ಹಾಕುವುದನ್ನು ಕಲಿತಿರಿ. ಇದೊಂದನ್ನು ಕಲಿಯಲಿಲ್ಲವೇ? ನನಗೆ ಬಹಳ ನೋವಾಯಿತು ರೀ. ನನ್ನ ಕೆಲಸ ಉಪಯೋಗಕ್ಕಿಲ್ಲ ಅಂದಿದ್ದಕ್ಕಲ್ಲ. ನನ್ನ ವಿಷಯದಲ್ಲೂ ಉಪಯೋಗ ನೋಡಿದಿರಲ್ಲ, ಅದಕ್ಕೆ.

ಇನ್ನು ನಿಮಗೆ ಗೊತ್ತಿಲ್ಲದ ಒಂದು ವಿಷಯ. ಇಲ್ಲಿ ಬಸ್ ನಿಲ್ದಾಣದ ಹಿಂದೆ ಹಲ್ಲು ಕಟ್ಟುವ ಒಂದು ಲ್ಯಾಬಿದೆ. ಅಕ್ಕನ ಕಾಲು ವಾಸಿಯಾದ ಮೇಲೆ ಬೇಸರ ಕಳೆಯಲು ಮಧ್ಯಾಹ್ನದ ತನಕ ಹೋಗಿಬರುತ್ತಿದ್ದೆ. ಲ್ಯಾಬಿನ ಯಜಮಾನಮ್ಮನಿಗೆ ಕೈ ನಡುಗುತ್ತದೆ, ಕಣ್ಣು ಮಾತ್ರ ಚುರುಕು. ನಾನು ಮಾಡಿದ ಒಂದು ಸೆಟ್ಟನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ನೀನು ಇಲ್ಲೇ ಇದ್ದುಬಿಡು ಅಂದರು. ಮೇಲಿನ ಕೋಣೆ ಕೊಡುತ್ತಾರಂತೆ. ಕಿಟಕಿಯ ಪಕ್ಕದ ಮೇಜು ನನ್ನದೇ ಆಗುತ್ತದಂತೆ. ಅಲ್ಲಿ ನಮ್ಮ ಡಾಕ್ಟರ ಹಿಂದಿನ ಕೋಣೆಯಲ್ಲಿ ನಾನು ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಕೂರುವುದು ನಿಮಗೆ ಗೊತ್ತಲ್ಲ. ಬರುವ ಸೋಮವಾರ ಉತ್ತರ ಹೇಳಬೇಕು. ಹೂಂ ಅನ್ನಲು ಮನಸ್ಸಿದೆ. ಇದು ನಿಮ್ಮನ್ನು ಹೆದರಿಸುವುದಕ್ಕೆ ಹೇಳಿದ ಮಾತಲ್ಲ, ನಿಜವಾಗಿಯೂ ಮನಸ್ಸಿದೆ.

ಮತ್ತೊಂದು ಸಣ್ಣ ವಿಷಯ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಕಟ್ಟಡದ ಲಿಫ್ಟು ಕೆಟ್ಟು ನಿಂತಿದೆ. ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ನಿಂತುಬಿಟ್ಟಿದೆ, ಯಾರು ಬಂದರೂ ನಾಳೆ ನಾಳೆ ಅಂದು ಹೋಗುತ್ತಾರೆ. ಕಟ್ಟಡದ ಕಾರ್ಯದರ್ಶಿ ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಾ ಕೂತಿದ್ದರು. ಅವರ ಪಾಡು ನೋಡಲಾರದೆ, ನಮ್ಮ ಯಜಮಾನರು ಭಾನುವಾರ ಬಂದು ನೋಡುತ್ತಾರೆ ಅಂತ ಬಾಯಿ ತಪ್ಪಿ ಹೇಳಿಬಿಟ್ಟೆ. ಬರಲೇಬೇಕು ಅಂತೇನಿಲ್ಲ. ಬಂದರೆ ಲಿಫ್ಟಿಗಾಗಿ ಬಂದೆ ಅಂತ ನನ್ನ ಮುಂದೆ ಮಾತ್ರ ಹೇಳಬೇಡಿ. ಅಕ್ಕನ ಮುಂದೆ, ಭಾವನ ಮುಂದೆ, ಬೇಕಿದ್ದರೆ ಆ ಕಾರ್ಯದರ್ಶಿಯ ಮುಂದೆ, ಆ ದಿನ ಊಟದ ಮೇಜಿನಲ್ಲಿ ಏನು ಹೇಳಬೇಕಿತ್ತೋ ಅದನ್ನು ಹೇಳಿ. ಆಮೇಲೆ ನಾನು ಯಜಮಾನಮ್ಮನಿಗೆ ಏನು ಹೇಳಬೇಕು ಅಂತ ಯೋಚಿಸುತ್ತೇನೆ.

ಭಾವ ನಾಳೆ ಪಾರ್ಸೆಲ್ ವ್ಯಾನಿನಲ್ಲಿ ನಿಮ್ಮ ಕಡೆಗೇ ಬರುತ್ತಾರೆ, ಅವರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಮೆತ್ತಗಿರುವುದನ್ನೇ ತಿನ್ನಿ. ಕಡಲೆ ಡಬ್ಬಕ್ಕೆ ಹುಳ ಬಿದ್ದಿದೆಯಾ ನೋಡಿ.

ಇಂತಿ,
ನಿಮ್ಮ ಐವರಲ್ಲಿ ಇಲ್ಲದ,
ಹಲ್ಲು ಕಟ್ಟುವವಳು

ತಾ.ಕ.: ಚೀಲದಲ್ಲಿ ಇನ್ನೂ ಏನೇನೋ ಇತ್ತು ಅಂತ ಬರೆದೆನಲ್ಲ. ತಳದಲ್ಲಿ ಒಂದು ಜೊತೆ ಕ್ಯಾನ್ವಾಸ್ ಶೂ ಇತ್ತು, ಹೊಚ್ಚ ಹೊಸದು. ನಿಮ್ಮ ಕಾಲಿಗೆ ಅದರಲ್ಲಿ ಹೆಬ್ಬೆರಳೂ ಹೋಗುವುದಿಲ್ಲ. ನನ್ನ ಅಳತೆ. ಬಂದ ದಿನವೇ ನೋಡಿದೆ, ನೋಡಿದ ಮೇಲೆ ಕೋಪ ಇನ್ನೂ ಹೆಚ್ಚಾಯಿತು. ಕೇಳುವವರಿಲ್ಲದ ಚೀಲದಲ್ಲಿ ಬಚ್ಚಿಟ್ಟಿದ್ದನ್ನು ಮೂರು ಜನರ ಮುಂದೆ ಬಾಯಿ ಬಿಟ್ಟು ಹೇಳಲು ನಿಮಗೇನಾಗಿತ್ತು? ನಿಮ್ಮ ಕಥೆಗಳಲ್ಲಿ ಹೊಸ ಶೂ ಹಾಕಿಕೊಂಡು ಓಡಿದವರೆಲ್ಲ ಮೊದಲ ಅಧ್ಯಾಯದಲ್ಲೇ ಕಾಲಿಗೆ ಬೊಬ್ಬೆ ಎದ್ದು ಹಿಂದೆ ಉಳಿಯುತ್ತಾರೆ. ಅದಕ್ಕೆ ನಾನು ದಿನಾ ಅದನ್ನೇ ಹಾಕಿಕೊಂಡು ಈ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ಮೊದಲು ಹಿಮ್ಮಡಿ ಕಚ್ಚುತ್ತಿತ್ತು. ಈಗ ಕಚ್ಚುವುದಿಲ್ಲ. ಎಷ್ಟು ದೂರ ಬೇಕಾದರೂ ನಡೆಯಬಲ್ಲೆ.