ನೀರಿನ ತೊಟ್ಟಿಯಲ್ಲಿ ಸಿಕ್ಕ ಮುಖ

ಜುಲೈ 1, ಮಂಗಳವಾರ, ಬೆಳಗ್ಗೆ ಆರು

ನಲ್ಲಿಯಲ್ಲಿ ನೀರು ಬಂತು. ವಾರಕ್ಕೊಂದೇ ದಿನ. ಮಾಳಿಗೆಯ ಟ್ಯಾಂಕ್ ತುಂಬಿದರೂ ಶುಕ್ರವಾರಕ್ಕೆ ಖಾಲಿ. ಅಂಗಳದಲ್ಲಿ ತೊಟ್ಟಿ ತೋಡಲೇಬೇಕೆಂದು ಹೆಂಡತಿ ರುದೈನಾಳ ಹಟ. ಅವಳೊಬ್ಬಳು ಸಾಲದೆಂದು ಅವಳ ತಮ್ಮ ನವ್ವಾಫ್ ಬೇರೆ ಗುದ್ದಲಿ ಸಮೇತ ಬಂದಿಳಿದಿದ್ದಾನೆ. ಬೇಲಿಯಾಚೆಯೇ ಅಯ್ನ್ ಗಝಾಲ್ ಎಂಬ ಪ್ರಾಚೀನ ಊರಿನ ಉತ್ಖನನದ ಜಾಗ, ಇಪ್ಪತ್ತೆರಡು ವರ್ಷದಿಂದ ಅದರ ಕಾವಲುಗಾರ ನಾನು, ಪುರಾತತ್ವ ಇಲಾಖೆಯನ್ನು ಕೇಳದೆ ಅಗೆಯುವಂತಿಲ್ಲ ಅಂದೆ. ಕೇಳಿದರೆ ತಾನೆ ಬೇಡ ಅನ್ನುವುದು, ಅಂದ ನವ್ವಾಫ್. ಒಪ್ಪಿದೆ... ಹೀಗೆ ಫೋನಿನಲ್ಲಿ ರೆಕಾರ್ಡ್ ಮಾಡಿ ಹೇಳಿಕೊಳ್ಳುವುದೇ ವಾಸಿ. ಈ ಮನೆಯಲ್ಲಿ ಬೇರೆ ಯಾರು ಕೇಳುತ್ತಾರೆ?

ಜುಲೈ 5, ಶನಿವಾರ, ಮಧ್ಯಾಹ್ನ

ಸೊಂಟದಾಳದಲ್ಲಿ ಸಿಕ್ಕಿತು. ಸಿಗದೇ ಇರುತ್ತದೆಯೇ! ಸುಣ್ಣದ ಗಾರೆಯಲ್ಲಿ ಮಾಡಿದ ಬೊಂಬೆಯ ಮುಖ, ಕಣ್ಣಿನ ಸುತ್ತ ಡಾಂಬರಿನ ಗೆರೆ. ಒಳಗಿನ ಜೊಂಡು ಕೊಳೆತು ಪೊಳ್ಳಾಗಿದೆ; ಒತ್ತಿದರೆ ಪುಡಿ. ಒಂಬತ್ತು ಸಾವಿರ ವರ್ಷ ಮಲಗಿದ್ದವನಿಗೆ ಏಳುವುದಕ್ಕೆ ನನ್ನ ಅಂಗಳವೇ ಬೇಕಿತ್ತೆ?

ನವ್ವಾಫ್‌ಗೆ ಚಿಂತೆಯೇ ಇಲ್ಲ. "ಕಾಂಕ್ರೀಟ್ ಸುರಿದುಬಿಡೋಣ ಭಾವ. ಇಷ್ಟು ವರ್ಷ ಮಲಗಿದಾನೆ, ಇನ್ನೊಂದಿಷ್ಟು ಮಲಗ್ಲಿ."

ರುದೈನಾ ಖಾಲಿ ಬಕೆಟ್ ತಂದು ನನ್ನ ಕಾಲ ಬಳಿ ಇಟ್ಟಳು. ಇಲಾಖೆಗೆ ಹೇಳಿದರೆ ತೊಟ್ಟಿ ಹೋಯಿತು, ಬಹುಶಃ ಕೆಲಸವೂ. ಹೇಳದಿದ್ದರೆ... ಆ ಕಣ್ಣು. ಥೂ.

ಜುಲೈ 10, ಗುರುವಾರ, ಸಂಜೆ

ಐದು ದಿನ ಗುಂಡಿಗೆ ಹಲಗೆ ಮುಚ್ಚಿಟ್ಟು ಕೂತೆ. ಸಿಮೆಂಟ್ ಚೀಲವೂ ಬಂದಾಯಿತು. ನವ್ವಾಫನ ಬಾಯಿ ಸುಮ್ಮನಿರಬೇಕಲ್ಲ — ಎದುರುಮನೆ ಅಬು ಸುಹೈಲ್ ಬಂದು ಕೂತಿದ್ದಾರೆ. ಹನ್ನೊಂದು ವರ್ಷದ ಹಿಂದೆ ಅವರ ತೊಟ್ಟಿಯ ಗುಂಡಿಯಲ್ಲಿ ಹಳೇ ಗೋಡೆ ಸಿಕ್ಕಿದಾಗ ವರದಿ ಬರೆದು ಮುಚ್ಚಿಸಿದವನು ನಾನೇ. ಅಂದಿನಿಂದ ಅವರಿಗೆ ಟ್ಯಾಂಕರ್ ನೀರು, ನನಗೆ ಸಲಾಂ ಇಲ್ಲ.

ಕೊಟ್ಟ ಕಾಫಿಯನ್ನು ಮುಟ್ಟದೆ ಕೆಳಗಿಟ್ಟರು. ನಮ್ಮಲ್ಲಿ ಹಾಗೆ: ಏನಾದರೂ ಕೇಳಲು ಬಂದವರು, ಮನೆಯವನು ನಡೆಸಿಕೊಡುತ್ತೇನೆ ಅನ್ನುವವರೆಗೆ ಕುಡಿಯುವುದಿಲ್ಲ. ಅತಿಥಿಯ ಕಾಫಿ ಆರಿಹೋದರೆ ನಾನು ಬೀದಿಯಲ್ಲಿ ತಲೆಯೆತ್ತುವಂತಿಲ್ಲ. ಮುಚ್ಚಿಬಿಡು ಅನ್ನುತ್ತಾರೆ ಎಂದುಕೊಂಡೆ. ಆಗಲಿ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಅಬು ರಕಾನ್," ಎಂದು ನನ್ನನ್ನು ಕರೆದು ಹೇಳಿದರು, "ನನ್ನ ಬಗ್ಗೆ ಬರೆದ ಹಾಗೇ ನಿಮ್ಮ ಬಗ್ಗೇನೂ ಬರೀರಿ. ಇಲ್ದಿದ್ರೆ ಅವತ್ತು ನೀವು ಮಾಡಿದ್ದು ಬರೀ ಹಗೆ ಅಂತಾಗುತ್ತೆ. ಕೆಲಸ ಅಂತ ತಿಳ್ಕೊಂಡು ನಾನು ಇಷ್ಟು ವರ್ಷ ತಡ್ಕೊಂಡಿದೀನಿ."

ಎಂಥ ಮನುಷ್ಯ. ಹನ್ನೊಂದು ವರ್ಷ ಬಿಟ್ಟು ಬಂದು, ಎರಡು ಬೈಗುಳವನ್ನಾದರೂ ಬೈಯಬಾರದೆ?

ಅಡುಗೆಮನೆಗೆ ಬಂದು ಹೇಳುತ್ತಿದ್ದೇನೆ. ಬಾಗಿಲಲ್ಲಿ ರುದೈನಾ. "ಮಾತು ಸಾಕು. ಕಾಫಿ ಆರ್ತಾ ಇದೆ."

ಬಕೆಟ್ ಇಟ್ಟವಳೂ ಇವಳೇ! ಸರಿ ಮಾರಾಯ್ತಿ. ಇಲಾಖೆಯ ನಂಬರ್ ಇದೇ ಫೋನಿನಲ್ಲಿದೆ. ಈ ರೆಕಾರ್ಡಿಂಗ್ ನಿಲ್ಲಿಸಿದರೆ ತಾನೆ ಅವರಿಗೆ ಕರೆ—